576101: ಉಡುಪಿಯ ಪಿನ್‌ಕೋಡಿನ ಗಣಿತವನ್ನು ಕಾಗದದ ಮೇಲೆ ಬಿಡಿಸುವ ಕ್ರಮ

ಉಡುಪಿಯ ವಿಳಾಸದ ಕೊನೆಯಲ್ಲಿ 576101 ಎಂದು ಬರೆಯುವುದು ನಮ್ಮ ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ಅದು ಐದು ಲಕ್ಷದ ಎಪ್ಪತ್ತಾರು ಸಾವಿರದ ನೂರ ಒಂದು ಎಂಬ ಸಂಖ್ಯೆಯೂ ಹೌದು ಎಂಬುದು ಬರೆಯುವಾಗ ನೆನಪಿಗೇ ಬರುವುದಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಪದ್ಧತಿಯಲ್ಲಿ ಮೊದಲ ಅಂಕಿ ಅಂಚೆ ವಲಯವನ್ನೂ, ಮೊದಲ ಮೂರು ಅಂಕಿಗಳು ಒಟ್ಟಾಗಿ ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಅಂಕಿಗಳು ಬಟವಾಡೆಯ ಕಚೇರಿಯನ್ನೂ ಸೂಚಿಸುತ್ತವೆ. ಅಂದರೆ ಈ ಸಂಖ್ಯೆಯನ್ನು ಅದರ ಗಣಿತಗುಣವನ್ನು ನೋಡಿ ಯಾರೂ ಆರಿಸಿದ್ದಲ್ಲ. ಅಭ್ಯಾಸಕ್ಕೆ ಇದನ್ನು ಆಯ್ದುಕೊಳ್ಳಲು ಅದೇ ಕಾರಣ. ಪಠ್ಯಪುಸ್ತಕದ ಸಂಖ್ಯೆಗಳು ಸಲೀಸಾಗಿ ಭಾಗವಾಗಲೆಂದೇ ಹುಟ್ಟಿದವು. ದಾರಿಯಲ್ಲಿ ಎದುರಾದ ಸಂಖ್ಯೆ ಯಾರ ಅನುಕೂಲವನ್ನೂ ನೋಡುವುದಿಲ್ಲ.

ಮನೆಗೆ ಪಾಠಕ್ಕೆ ಬರುವ ಹತ್ತನೆಯ ತರಗತಿಯ ಮಕ್ಕಳೊಂದಿಗೆ ಈ ಸಂಖ್ಯೆಯನ್ನು ಹಲವು ಬಾರಿ ಬಿಡಿಸಿದ್ದೇನೆ. ಇದು ಅವಿಭಾಜ್ಯವೇ, ಅಂದರೆ 1 ಮತ್ತು ತನ್ನ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಎಂಬುದು ನಮ್ಮ ಮುಖ್ಯ ಪ್ರಶ್ನೆ. ಅದನ್ನು ಬಿಡಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ಬೇಕಾಗುವುದು ಚೌಕುಳಿ ಗೆರೆಯ ನಾಲ್ಕು ಹಾಳೆ, ಒಂದು ಪೆನ್ನು, ಇಪ್ಪತ್ತರ ತನಕದ ಮಗ್ಗಿ ಮತ್ತು ಒಂದು ಸಂಜೆಯ ಬಿಡುವು. ಮೊಬೈಲಿನಲ್ಲಿ ಒತ್ತಿದರೆ ಉತ್ತರವೇನೋ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ, ಆದರೆ ಆ ಉತ್ತರ ಏಕೆ ಸರಿ ಎಂಬುದು ಅದರ ಜೊತೆಗೆ ಬರುವುದಿಲ್ಲ.

ಮೊದಲ ಹೆಜ್ಜೆ: ಗಡಿ ಗುರುತಿಸುವುದು

ಯಾವುದೇ ಸಂಖ್ಯೆಯನ್ನು ಕೈಗೆತ್ತಿಕೊಂಡಾಗ ಮೊದಲು ಅದರ ವರ್ಗಮೂಲವನ್ನು ಅಂದಾಜು ಮಾಡಬೇಕು, ಏಕೆಂದರೆ ಸಂಖ್ಯೆಯು ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದಾದರೂ ವರ್ಗಮೂಲವನ್ನು ಮೀರಿರಲಾರದು. 576 ಎಂಬುದು 24ರ ವರ್ಗವಾದ್ದರಿಂದ 576000ದ ವರ್ಗಮೂಲವು 24ನ್ನು 1000ದ ವರ್ಗಮೂಲದಿಂದ, ಅಂದರೆ ಸುಮಾರು 31.62ರಿಂದ, ಗುಣಿಸಿದಷ್ಟು, ಅದು 759ರ ಆಸುಪಾಸಿನಲ್ಲಿ ಬರುತ್ತದೆ. 759ನ್ನು ವರ್ಗ ಮಾಡಿದರೆ 576081, 760ನ್ನು ಮಾಡಿದರೆ 577600. ಆದ್ದರಿಂದ ನಮ್ಮ ಸಂಖ್ಯೆ ಪೂರ್ಣ ವರ್ಗವಲ್ಲ, ಮತ್ತು

576101 = 759² + 20.

ಈ ಸಾಲನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಳ್ಳಿ, ಕೂಡಲೇ ಅದರಿಂದ ಉಪಯೋಗವಿದೆ. 759 ಎಂದರೆ 3, 11 ಮತ್ತು 23ರ ಗುಣಲಬ್ಧ. ಆದ್ದರಿಂದ 576101ನ್ನು ಈ ಮೂರರಲ್ಲಿ ಯಾವುದರಿಂದ ಭಾಗಿಸಿದರೂ ಉಳಿಯುವ ಶೇಷ, 20ನ್ನು ಅದರಿಂದ ಭಾಗಿಸಿದಾಗ ಉಳಿಯುವ ಶೇಷವೇ: ಕ್ರಮವಾಗಿ 2, 9 ಮತ್ತು 20. ಒಂದೇ ಸಾಲಿನಲ್ಲಿ ಮೂರು ಭಾಜಕಗಳು ತಳ್ಳಿಹೋದವು.

ಶೇಷದ ಲೆಕ್ಕ ಹೊಸದೆಂದು ತೋರುವವರು ಉಡುಪಿಯ ಕೃಷ್ಣಮಠದ ಪರ್ಯಾಯವನ್ನು ನೆನೆಯಬಹುದು. ಎಂಟು ಮಠಗಳು ಎರಡೆರಡು ವರ್ಷಗಳಂತೆ ಸರದಿಯಲ್ಲಿ ಪೂಜಾಧಿಕಾರ ವಹಿಸಿಕೊಳ್ಳುವುದರಿಂದ ಚಕ್ರವು 16 ವರ್ಷಗಳಿಗೊಮ್ಮೆ ತಿರುಗುತ್ತದೆ; 2008 ಮತ್ತು 2024ನ್ನು 16ರಿಂದ ಭಾಗಿಸಿದರೆ ಎರಡಕ್ಕೂ ಉಳಿಯುವ ಶೇಷ 8, ಎರಡೂ ವರ್ಷ ಪೀಠವೇರಿದ್ದು ಪುತ್ತಿಗೆ ಮಠ. ಇಸವಿ ಎಷ್ಟೇ ದೊಡ್ಡದಿರಲಿ, ಸರದಿ ಯಾರದೆಂದು ಹೇಳಲು ಶೇಷವೊಂದೇ ಸಾಕು. ಮುಂದಿನ ಎಲ್ಲ ಲೆಕ್ಕದಲ್ಲಿಯೂ ನಾವು ಮಾಡುವುದು ಇದನ್ನೇ.

ಎರಡನೆಯ ಹೆಜ್ಜೆ: ಸಣ್ಣ ಭಾಜಕಗಳನ್ನು ಕಳೆಯುವುದು

2 ಮತ್ತು 5ಕ್ಕೆ ಕೊನೆಯ ಅಂಕಿಯನ್ನು ನೋಡಿದರೆ ಆಯಿತು. 7, 11, 13 ಎಂಬ ಮೂರಕ್ಕೆ ಒಂದೇ ಉಪಾಯವಿದೆ: ಮೂರನ್ನೂ ಗುಣಿಸಿದರೆ 1001 ಆಗುವುದರಿಂದ ಆರು ಅಂಕಿಗಳ ಸಂಖ್ಯೆಯನ್ನು ನಡುವೆ ಸೀಳಿ ಒಂದು ಭಾಗದಿಂದ ಇನ್ನೊಂದನ್ನು ಕಳೆಯಬೇಕು. 576ರಿಂದ 101 ಕಳೆದರೆ 475. ಇದನ್ನು ಮೂರರಲ್ಲಿ ಯಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. 37ಕ್ಕೆ ಇದೇ ಎರಡು ಭಾಗಗಳನ್ನು ಕೂಡಿಸಬೇಕು, ಏಕೆಂದರೆ 999 ಎಂಬುದು 27ರ ಮೂವತ್ತೇಳು ಪಟ್ಟು. ಮೊತ್ತ 677, ಶೇಷ 11. 17ಕ್ಕೆ ಶೇಷ 5, 19ಕ್ಕೆ 2, 29ಕ್ಕೆ 16, 31ಕ್ಕೆ 28.

ಹೀಗೆಯೇ ಮುಂದುವರಿದರೆ 759ರೊಳಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದಲೂ ಭಾಗಿಸಿ ನೋಡಬೇಕಾಗುತ್ತದೆ. ಅವು ಒಟ್ಟು 134. ಕೊನೆಯದು 757, ಅದಕ್ಕೆ ಬರುವ ಶೇಷ 24. ನಾನು ಒಮ್ಮೆ ಹಟ ಹಿಡಿದು ಈ 134 ಭಾಗಾಕಾರಗಳನ್ನೂ ಮಾಡಿದೆ. 353ರ ಹತ್ತಿರ ಬಂದಾಗ 353 × 1632 ಎಂಬುದನ್ನು ಅವಸರದಲ್ಲಿ ತಪ್ಪಾಗಿ ಗುಣಿಸಿ, ಶೇಷ ಸೊನ್ನೆ ಎಂದು ಬರೆದು, ಅಪವರ್ತನ ಸಿಕ್ಕಿತೆಂದು ಮಕ್ಕಳಿಗೆ ಹೇಳಿಯೂಬಿಟ್ಟೆ. ನಿಜವಾದ ಗುಣಲಬ್ಧ 576096, ಶೇಷ 5. ಮರುದಿನ ಅದನ್ನು ತೋರಿಸಿಕೊಟ್ಟದ್ದು ಎಂಟನೆಯ ತರಗತಿಯ ಒಬ್ಬಳು ಹುಡುಗಿ. ಭಾಗಾಕಾರದ ದಾರಿ ಸರಿಯಾದದ್ದೇ, ಆದರೆ ಅದು ಉದ್ದವಾಗಿದೆ, ಮತ್ತು ಎಲ್ಲ ಶೇಷಗಳನ್ನು ಬರೆದು ಮುಗಿಸಿದ ಮೇಲೂ ಸಂಖ್ಯೆಯ ವಿಷಯವಾಗಿ "ಇಲ್ಲ" ಎಂಬ ಮಾತಿನ ಹೊರತು ಬೇರೇನೂ ಕೈಗೆ ಬರುವುದಿಲ್ಲ.

ಮೂರನೆಯ ಹೆಜ್ಜೆ: ಎರಡು ವರ್ಗಗಳ ಮೊತ್ತವಾಗಿ ಒಡೆಯುವುದು

ಈ ಬರಹದ ತಿರುಳು ಇಲ್ಲಿದೆ, ಆದ್ದರಿಂದ ಇಲ್ಲಿ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

576101ನ್ನು 4ರಿಂದ ಭಾಗಿಸಿದರೆ ಶೇಷ 1. ಇಂತಹ ಶೇಷ ಕೊಡುವ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯನ್ನೂ ಎರಡು ಪೂರ್ಣ ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ಬಗೆಯಲ್ಲಿ, ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಅದೇ ದೇಶದ ವಿದ್ವಾಂಸ ಮರ್ಸೆನ್ನನಿಗೆ ಬರೆದ ಪತ್ರದಲ್ಲಿ ತಿಳಿಸಿದ. ಸುಮಾರು ನೂರು ವರ್ಷಗಳ ಬಳಿಕ ಅದಕ್ಕೆ ಸಾಧನೆಯನ್ನು, ಅಂದರೆ ರುಜುವಾತನ್ನು, ಕೊಟ್ಟವನು ಸ್ವಿಸ್ ಗಣಿತಜ್ಞ ಆಯ್ಲರ್. ನಮಗೆ ಬೇಕಾಗಿರುವುದು ಇದರ ಹಿಮ್ಮುಖದ ಮಾತು: 1ಕ್ಕಿಂತ ದೊಡ್ಡದಾದ, 4ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆಯನ್ನು (0ಯನ್ನೂ ವರ್ಗವೆಂದು ಎಣಿಸಿ) ಎರಡು ವರ್ಗಗಳ ಮೊತ್ತವಾಗಿ ಒಂದೇ ಬಗೆಯಲ್ಲಿ ಬರೆಯಲು ಸಾಧ್ಯವಾಗಿ, ಆ ವರ್ಗಗಳ ಮೂಲಗಳಿಗೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದಿದ್ದರೆ, ಆ ಸಂಖ್ಯೆ ಅವಿಭಾಜ್ಯವೇ ಸರಿ. ಕೊನೆಯ ಷರತ್ತನ್ನು ಬಿಟ್ಟರೆ ಎಡವುತ್ತೇವೆ: 45ನ್ನು 6² + 3² ಎಂದು ಒಂದೇ ಬಗೆಯಲ್ಲಿ ಬರೆಯಬಹುದು, ಆದರೂ ಅದು ಅವಿಭಾಜ್ಯವಲ್ಲ, ಏಕೆಂದರೆ 6 ಮತ್ತು 3ಕ್ಕೆ 3 ಸಾಮಾನ್ಯವಾಗಿದೆ.

ಹೀಗೇಕೆ ಎಂಬುದರ ಬೇರು ನಮ್ಮ ದೇಶದಲ್ಲಿಯೇ ಇದೆ. ಎರಡು ವರ್ಗಗಳ ಮೊತ್ತವಾದ ಸಂಖ್ಯೆಗಳನ್ನು ಪರಸ್ಪರ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಮತ್ತು ಅದನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರೆಯಬಹುದು ಎಂಬ ಸಮೀಕರಣವು, 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ತನ್ನ ಗ್ರಂಥದಲ್ಲಿ ಕೊಟ್ಟಿರುವ ಹೆಚ್ಚು ವ್ಯಾಪಕವಾದ ನಿಯಮದ ಒಂದು ರೂಪ. 5 ಎಂದರೆ 2² + 1², 13 ಎಂದರೆ 3² + 2². ಗುಣಲಬ್ಧವಾದ 65ನ್ನು 8² + 1² ಎಂದೂ 7² + 4² ಎಂದೂ ಬರೆಯಬಹುದು. ಅಪವರ್ತನಗಳಿದ್ದ ಕಡೆ ಎರಡನೆಯ ಬಗೆ ಇಣುಕುತ್ತದೆ ಎಂಬುದೇ ಇಡೀ ವಿಧಾನದ ಆಧಾರ.

ಇನ್ನು ಹುಡುಕಾಟ. 576101 = x² + y² ಎಂದಿರಲಿ. ಯಾವುದೇ ವರ್ಗವನ್ನು 5ರಿಂದ ಭಾಗಿಸಿದರೆ ಶೇಷವು 0, 1 ಅಥವಾ 4 ಮಾತ್ರ. ನಮ್ಮ ಸಂಖ್ಯೆಯ ಶೇಷ 1. ಎರಡು ಶೇಷಗಳನ್ನು ಕೂಡಿಸಿ 1 ಬರಬೇಕಾದರೆ ಒಂದು 0, ಇನ್ನೊಂದು 1 ಆಗಿರಲೇಬೇಕು. ಆದ್ದರಿಂದ ಒಂದು ಮೂಲವು 5ರ ಅಪವರ್ತ್ಯ; ಅದನ್ನು y = 5j ಎನ್ನೋಣ. ಆಗ y² ಎಂಬುದು 25ರ ಅಪವರ್ತ್ಯವಾಗುತ್ತದೆ, ಮತ್ತು 576101ನ್ನು 25ರಿಂದ ಭಾಗಿಸಿದರೂ ಶೇಷ 1 ಆಗಿರುವುದರಿಂದ x²ನ ಶೇಷವೂ 1 ಆಗಬೇಕು. ಅಂದರೆ x − 1 ಮತ್ತು x + 1 ಇವುಗಳ ಗುಣಲಬ್ಧವನ್ನು 25 ಭಾಗಿಸಬೇಕು. ಇವೆರಡರ ಅಂತರ 2 ಮಾತ್ರವಾದ್ದರಿಂದ 5 ಎರಡನ್ನೂ ಭಾಗಿಸಲಾರದು, ಆದ್ದರಿಂದ 25 ಇವುಗಳಲ್ಲಿ ಒಂದನ್ನು ಪೂರ್ತಿಯಾಗಿ ಭಾಗಿಸುತ್ತದೆ. ಹೀಗಾಗಿ x ಎಂಬುದು 25ರ ಯಾವುದೋ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ: 1, 24, 26, 49, 51, 74, 76, … 749, 751.

759 ಅಭ್ಯರ್ಥಿಗಳು ಇದ್ದಲ್ಲಿ ಈಗ ಉಳಿದದ್ದು 61. ಇನ್ನೂ ಒಂದು ಜರಡಿ ಇದೆ. ನಮ್ಮ ಸಂಖ್ಯೆಯನ್ನು 3ರಿಂದ ಭಾಗಿಸಿದಾಗ 2 ಉಳಿಯುತ್ತದೆ, ವರ್ಗಗಳಿಗಾದರೋ 0 ಅಥವಾ 1 ಮಾತ್ರ ಉಳಿಯುವುದು. ಆದ್ದರಿಂದ ಎರಡೂ ವರ್ಗಗಳ ಶೇಷ 1 ಆಗಿರಬೇಕು, x ಎಂಬುದು 3ರ ಅಪವರ್ತ್ಯವಾಗಿರಬಾರದು. 24, 51, 99, 126 ಮುಂತಾದ 20 ಅಭ್ಯರ್ಥಿಗಳು ಹೀಗೆ ಹೊರಬಿದ್ದು 41 ಉಳಿಯುತ್ತವೆ. 134 ಭಾಗಾಕಾರಗಳ ಬದಲು 41 ಸಣ್ಣ ಪರೀಕ್ಷೆಗಳು.

ಪರೀಕ್ಷೆಯನ್ನು ಹಗುರವಾಗಿಸಲು x = 25k + 1 ಅಥವಾ 25k − 1 ಎಂದು ಬರೆದು ಇಡೀ ಸಮೀಕರಣವನ್ನು 25ರಿಂದ ಭಾಗಿಸಬೇಕು. ಆಗ

j² = 23044 − 25k² − 2k (x = 25k + 1 ಆದಾಗ),
j² = 23044 − 25k² + 2k (x = 25k − 1 ಆದಾಗ).

ಬಲಬದಿಯಲ್ಲಿ ಬಂದ ಸಂಖ್ಯೆ ಪೂರ್ಣ ವರ್ಗವೇ ಎಂದಷ್ಟೇ ನೋಡಬೇಕು. ಅದರ ಕೊನೆಯ ಅಂಕಿ 2, 3, 7 ಅಥವಾ 8 ಆಗಿದ್ದರೆ ನೋಡುವ ಅಗತ್ಯವೂ ಇಲ್ಲ. k = 0 ಆದಾಗ 23044; ಇದು 151ರ ವರ್ಗವಾದ 22801 ಮತ್ತು 152ರ ವರ್ಗವಾದ 23104ರ ನಡುವೆ ಬೀಳುತ್ತದೆ, ಬೇಡ. x = 26ಕ್ಕೆ 23017, ಏಳರಲ್ಲಿ ಮುಗಿಯುತ್ತದೆ, ಬೇಡ. x = 49ಕ್ಕೆ 22948, ಬೇಡ. x = 74ಕ್ಕೆ 22825; 25ರಲ್ಲಿ ಮುಗಿಯುವ ಈ ಸಂಖ್ಯೆ ಆಸೆ ಹುಟ್ಟಿಸುತ್ತದೆ, ಆದರೆ ಇದೂ 151 ಮತ್ತು 152ರ ವರ್ಗಗಳ ನಡುವಿನದೇ. ಹೀಗೆ ಇಳಿಯುತ್ತ ಹೋಗಬೇಕು. x = 676ರ ಬಳಿ 4765 ಬರುತ್ತದೆ; 69ರ ವರ್ಗ 4761, ನಾಲ್ಕರಲ್ಲಿ ತಪ್ಪಿಹೋಯಿತು. ಇಂತಹ ಜಾಗದಲ್ಲಿ ಮಕ್ಕಳು ಉಸಿರು ಬಿಗಿಹಿಡಿಯುವುದನ್ನು ನೋಡುವುದೇ ಒಂದು ಸಂತೋಷ.

ಪಟ್ಟಿ ಮುಗಿಯುತ್ತ ಬಂದು k = 30 ಆದಾಗ, x = 749ಕ್ಕೆ 604 ಬರುತ್ತದೆ, ಅದು ವರ್ಗವಲ್ಲ. x = 751ಕ್ಕೆ 484 ಬರುತ್ತದೆ, ಅದು 22ರ ವರ್ಗ! ಆದ್ದರಿಂದ y = 5 × 22 = 110, ಮತ್ತು

576101 = 751² + 110² = 564001 + 12100.

ಉಳಿದ 40 ಅಭ್ಯರ್ಥಿಗಳಲ್ಲಿ ಯಾವುದೂ ವರ್ಗ ಕೊಡುವುದಿಲ್ಲ. ಇದನ್ನು ನೀವೇ ಬರೆದು ನೋಡಬೇಕು, ಏಕೆಂದರೆ ಸಾಧನೆಯ ಬಲವಿರುವುದು ಸಿಕ್ಕ ಒಂದರಲ್ಲಿ ಅಲ್ಲ, ಸಿಗದ ನಲವತ್ತರಲ್ಲಿ. 110ರ ಅವಿಭಾಜ್ಯ ಅಪವರ್ತನಗಳು 2, 5 ಮತ್ತು 11. ಇವುಗಳಲ್ಲಿ ಯಾವುದೂ 751ನ್ನು ಭಾಗಿಸುವುದಿಲ್ಲ. ಷರತ್ತುಗಳೆಲ್ಲ ಪೂರೈಸಿದವು. 576101 ಅವಿಭಾಜ್ಯ ಸಂಖ್ಯೆ.

ಎಚ್ಚರಿಕೆಗೆ ಒಂದು ಪ್ರಸಂಗ

ಒಂದು ಬಗೆ ಸಿಕ್ಕಿದೊಡನೆ ಹುಡುಕಾಟವನ್ನು ನಿಲ್ಲಿಸಬಾರದು ಎಂಬುದಕ್ಕೆ 1000009 ಸಾಕ್ಷಿ. ಅದು 1000² + 3² ಎಂಬುದು ಕಣ್ಣಿಗೇ ಕಾಣುತ್ತದೆ. ಆಯ್ಲರನು ಮೊದಲು ಇದನ್ನು ಅವಿಭಾಜ್ಯವೆಂದು ಎಣಿಸಿ, ಬಳಿಕ 972² + 235² ಎಂಬ ಎರಡನೆಯ ಬಗೆಯನ್ನು ಕಂಡು ತನ್ನ ಮಾತನ್ನು ತಾನೇ ತಿದ್ದಿಕೊಂಡ. ಎರಡು ಬಗೆ ಸಿಕ್ಕಿದರೆ ಅಪವರ್ತನವೂ ಸಿಕ್ಕಂತೆಯೇ: ದೊಡ್ಡ ಮೂಲಗಳ ಅಂತರ 28, ಸಣ್ಣವುಗಳ ಅಂತರ 232, ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) 4, ದೊಡ್ಡವುಗಳ ಮೊತ್ತ 1972, ಸಣ್ಣವುಗಳ ಮೊತ್ತ 238, ಇವುಗಳ ಮ.ಸಾ.ಅ. 34. ಎರಡೂ ಮ.ಸಾ.ಅ.ಗಳನ್ನು ಅರ್ಧ ಮಾಡಿದರೆ 2 ಮತ್ತು 17. ಅವುಗಳ ವರ್ಗಗಳ ಮೊತ್ತ 293. ಭಾಗಿಸಿದರೆ 1000009 = 293 × 3413. ಸಂಖ್ಯೆ ಒಡೆಯಿತು.

ನಾಲ್ಕನೆಯ ಹೆಜ್ಜೆ: ನೆರೆಹೊರೆಯನ್ನು ನೋಡುವುದು

ಒಂದು ಸಂಖ್ಯೆಯ ಗುಣ ನೆರೆಯವರ ಪಕ್ಕದಲ್ಲಿಟ್ಟಾಗ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಿಂದಿನ ಬೆಸಸಂಖ್ಯೆ 576099ರ ಅಂಕಿಗಳ ಮೊತ್ತ 36, ಆದ್ದರಿಂದ ಅದು 9ರಿಂದ ಭಾಗವಾಗುತ್ತದೆ. ಮುಂದಿನ 576103 ಎಂಬುದು 11 × 52373. ಹಾಗಾಗಿ ನಮ್ಮ ಸಂಖ್ಯೆಗೆ ಅವಳಿ ಅವಿಭಾಜ್ಯ, ಅಂದರೆ ಎರಡರ ಅಂತರದಲ್ಲಿರುವ ಇನ್ನೊಂದು ಅವಿಭಾಜ್ಯ, ಇಲ್ಲ. ಒಂದು ಕಡಿಮೆಯಾದ 576100ನ್ನು ಮಾತ್ರ ಒಡೆದು ಇಟ್ಟುಕೊಳ್ಳಿ: 2² × 5² × 7 × 823. 1ನ್ನು 576101ರಿಂದ ಭಾಗಿಸಿದಾಗ ಬರುವ ದಶಮಾಂಶದಲ್ಲಿ ಎಷ್ಟು ಅಂಕಿಗಳ ಗುಂಪು ಮತ್ತೆ ಮತ್ತೆ ಮರುಕಳಿಸುತ್ತದೆಯೋ ಆ ಉದ್ದವು 576100ರ ಭಾಜಕವೇ ಆಗಿರಬೇಕೆಂದು ಫರ್ಮಾನ ಇನ್ನೊಂದು ಪ್ರಮೇಯದಿಂದ ತಿಳಿಯುತ್ತದೆ.

ಊರುಗಳ ನೆರೆಯಾದರೆ ಮಂಗಳೂರಿನ 575001 ಇದೆ. ಅದರ ಅಂಕಿಗಳ ಮೊತ್ತ 18; 9ರಿಂದ ಭಾಗಿಸಿ, ಬಂದದ್ದನ್ನು 7ರಿಂದ ಭಾಗಿಸಿದರೆ 9127 ಎಂಬ ಅವಿಭಾಜ್ಯ ಉಳಿಯುತ್ತದೆ: 575001 = 3² × 7 × 9127. ಇದನ್ನೂ 4ರಿಂದ ಭಾಗಿಸಿದರೆ ಶೇಷ 1 ಬರುತ್ತದೆ, ಆದರೂ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಎಷ್ಟು ತಿಣುಕಿದರೂ ಆಗದು. 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯ ಅಪವರ್ತನಗಳು ಸಮ ಸಂಖ್ಯೆಯಷ್ಟು ಸಲ ಬಂದಿದ್ದರೆ ಮಾತ್ರ ಅದು ಸಾಧ್ಯ. ಇಲ್ಲಿ 3 ಎರಡು ಸಲ ಬಂದಿದೆ, ಸರಿಯೇ, ಆದರೆ 7 ಮತ್ತು 9127 ಒಂದೊಂದೇ ಸಲ ಬಂದಿವೆ.

ಮಣಿಪಾಲದ 576104 ನಮ್ಮ ಸಂಖ್ಯೆಗಿಂತ ಮೂರು ಮಾತ್ರ ಹೆಚ್ಚು, ಸ್ವಭಾವದಲ್ಲಿ ಮಾತ್ರ ಪೂರ್ತಿ ಬೇರೆ: 2³ × 23 × 31 × 101. ಇದಕ್ಕೆ 32 ಭಾಜಕಗಳಿವೆ. ತನ್ನನ್ನು ಬಿಟ್ಟು ಉಳಿದ 31 ಭಾಜಕಗಳನ್ನು ಕೂಡಿಸಿದರೆ 598936, ಅಂದರೆ ಸಂಖ್ಯೆಗಿಂತಲೂ ಹೆಚ್ಚು. ಇಂತಹವನ್ನು ಅಧಿಕ ಸಂಖ್ಯೆಗಳೆನ್ನುತ್ತಾರೆ. ಮಂಗಳೂರಿನದಕ್ಕೆ 12 ಭಾಜಕಗಳು, ಇದೇ ಮೊತ್ತ 374311, ಆದ್ದರಿಂದ ಅದು ನ್ಯೂನ. ಉಡುಪಿಯ ಸಂಖ್ಯೆಗಾದರೋ ತನ್ನ ಹೊರತು ಇರುವ ಭಾಜಕ 1 ಒಂದೇ.

ಐದನೆಯ ಹೆಜ್ಜೆ: ಬೇರೆ ಉಡುಪುಗಳಲ್ಲಿ

ಇದನ್ನು ಬೇಗ ಮುಗಿಸಬಹುದು. ದ್ವಿಮಾನ ಪದ್ಧತಿಯಲ್ಲಿ 576101ನ್ನು 10001100101001100101 ಎಂದು ಬರೆಯಬೇಕು. 20 ಸ್ಥಾನಗಳು, ಅವುಗಳಲ್ಲಿ ಒಂಬತ್ತು ಒಂದುಗಳು. ಅಂಕಿಗಳನ್ನು ತಿರುಗಿಸಿದರೆ ಬರುವ 101675 ಐದರಿಂದ ಭಾಗವಾಗುವುದರಿಂದ ಆ ದಿಕ್ಕಿನಲ್ಲಿ ಹೆಚ್ಚು ಹುಡುಕಬೇಕಾಗಿಲ್ಲ. ಅನುಕ್ರಮವಾದ ಸ್ವಾಭಾವಿಕ ಸಂಖ್ಯೆಗಳ ಮೊತ್ತವಾಗಿ ಇದನ್ನು ಬರೆಯಲು ಇರುವುದು ಒಂದೇ ದಾರಿ: 288050 + 288051.

ಅಕ್ಷರಗಳಿಂದ ಅಂಕಿಗಳನ್ನು ಸೂಚಿಸುವ ಕಟಪಯಾದಿ ಕ್ರಮವನ್ನು ಬಲ್ಲವರಿಗೆ ಇಲ್ಲಿ ಒಂದು ಸಣ್ಣ ಕೌತುಕವಿದೆ. ಆ ಕ್ರಮದಲ್ಲಿ ಕಕಾರಕ್ಕೆ 1, ನಕಾರಕ್ಕೆ 0. ಕರ್ನಾಟಕ ಸಂಗೀತದ ಮೊದಲ ಮೇಳಕರ್ತ ರಾಗಕ್ಕೆ ಕನಕಾಂಗಿ ಎಂಬ ಹೆಸರು ಬಂದಿರುವುದೂ ಈ ಎರಡು ಅಕ್ಷರಗಳಿಂದಲೇ. ನಮ್ಮ ಸಂಖ್ಯೆಯ ಕೊನೆಯ ಮೂರು ಅಂಕಿಗಳಾದ 101ನ್ನು ಅಕ್ಷರಕ್ಕೆ ಇಳಿಸಿದರೆ, ಎಡದಿಂದ ಓದಿದರೂ ಬಲದಿಂದ ಓದಿದರೂ, "ಕನಕ" ಎಂದಾಗುತ್ತದೆ. ಕನಕನ ಕಿಂಡಿಯಿರುವ ಊರಿನ ಸಂಖ್ಯೆಯಲ್ಲಿ ಇದು ಕೂಡಿಬಂದದ್ದು ಕೇವಲ ಆಕಸ್ಮಿಕ. ಆದರೂ ನೆನಪಿಗೆ ಒಳ್ಳೆಯ ಗಂಟು.

ಆರನೆಯ ಹೆಜ್ಜೆ: ತ್ರಿಭುಜ ಕಟ್ಟುವುದು ಮತ್ತು ತಾಳೆ ನೋಡುವುದು

751 ಮತ್ತು 110 ಎಂಬ ಜೋಡಿಯಿಂದ ಇನ್ನೊಂದು ಫಲವಿದೆ. ಎರಡರ ವರ್ಗಗಳ ಅಂತರವನ್ನು ಒಂದು ಬಾಹುವಾಗಿಯೂ, ಅವುಗಳ ಗುಣಲಬ್ಧದ ಎರಡರಷ್ಟನ್ನು ಇನ್ನೊಂದು ಬಾಹುವಾಗಿಯೂ ತೆಗೆದುಕೊಂಡರೆ ಲಂಬಕೋನ ತ್ರಿಭುಜವಾಗುತ್ತದೆ, ಅದರ ಕರ್ಣವೇ ನಮ್ಮ ಸಂಖ್ಯೆ. 564001ರಿಂದ 12100 ಕಳೆದರೆ 551901. 2 × 751 × 110 ಎಂದರೆ 165220. ಆದ್ದರಿಂದ

551901² + 165220² = 576101².

ಕರ್ಣವು ಅವಿಭಾಜ್ಯವಾದ್ದರಿಂದ, ಪೂರ್ಣಾಂಕ ಬಾಹುಗಳುಳ್ಳ ಇಂತಹ ತ್ರಿಭುಜ ಇದೊಂದೇ.

ಹನ್ನೊಂದು, ಹನ್ನೆರಡು ಅಂಕಿಗಳ ವರ್ಗಗಳನ್ನು ಪೂರ್ತಿಯಾಗಿ ಗುಣಿಸದೆ ಇದನ್ನು ತಾಳೆ ನೋಡಲು ಒಂಬತ್ತನ್ನು ಕಳೆಯುವ ಹಳೆಯ ಕ್ರಮ ಸಾಕಾಗುತ್ತದೆ. ಅಂಕಿಗಳನ್ನು ಕೂಡಿಸಿ ಒಂದಂಕಿಗೆ ಇಳಿಸಿದರೆ ಮೂರು ಸಂಖ್ಯೆಗಳೂ ಕ್ರಮವಾಗಿ 3, 7, 2 ಆಗುತ್ತವೆ. ವರ್ಗ ಮಾಡಿ ಮತ್ತೆ ಇಳಿಸಿದರೆ 9, 4, 4. ಒಂಬತ್ತೆಂದರೆ ಸೊನ್ನೆಯೆಂದೇ ಲೆಕ್ಕ, ಆದ್ದರಿಂದ ಎಡಕ್ಕೆ 4, ಬಲಕ್ಕೂ 4. ಆದರೆ ಅಂಕಿಗಳು ಅದಲುಬದಲಾಗಿದ್ದರೆ ಈ ಕ್ರಮ ಅದನ್ನು ಹಿಡಿಯುವುದಿಲ್ಲ. 551901ನ್ನು 551091 ಎಂದು ಬರೆದಿದ್ದರೂ ಮೊತ್ತ ಅದೇ ಆಗಿರುತ್ತಿತ್ತು. ಅದಕ್ಕಾಗಿ 11ರ ಶೇಷವನ್ನೂ ನೋಡಬೇಕು: ಬಲದಿಂದ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿ ಕಳೆದರೆ 551901ಕ್ಕೆ 9, 165220ಕ್ಕೆ 0, 576101ಕ್ಕೆ −2, ಅಂದರೆ 9. ಎರಡೂ ಬದಿಯಲ್ಲಿ 81. 551091 ಎಂದು ಬರೆದಿದ್ದರೆ ಇಲ್ಲಿ 9ರ ಬದಲು −9, ಅಂದರೆ 2 ಬಂದು, ಅದರ ವರ್ಗ 4 ಆಗುತ್ತಿತ್ತು. 81ನ್ನು 11ರಿಂದ ಭಾಗಿಸಿದರೂ ಉಳಿಯುವುದು 4 ಆದ್ದರಿಂದ ಈ ಒಂದು ತಪ್ಪು ಎರಡೂ ಜರಡಿಗಳಿಂದ ನುಸುಳಿಬಿಡುತ್ತಿತ್ತು. ಇಂತಹ ಕಡೆ 7ರಿಂದ ಇನ್ನೊಮ್ಮೆ ನೋಡಿ: 551901, 165220, 576101ಕ್ಕೆ ಶೇಷಗಳು ಕ್ರಮವಾಗಿ 0, 6, 1, ವರ್ಗಗಳು 0, 36, 1, 36ರ ಶೇಷವೂ 1. ತಪ್ಪು ಬರೆದ 551091ಕ್ಕೆ ಶೇಷ 2 ಬಂದು, ಎಡಬದಿ 5 ಆಗಿ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.